ಪರದೆ ನೋಡುವ ಮೊದಲೇ ಹೇಳುವುದು: ಏರ್ ರೈಫಲ್ ಅಭ್ಯಾಸದಲ್ಲಿ ನನ್ನ ಅನುಭವ

ಬೆಂಗಳೂರಿನ ಒಂದು ಶೂಟಿಂಗ್ ರೇಂಜ್‌ನಲ್ಲಿ 10 ಮೀಟರ್ ಏರ್ ರೈಫಲ್ ಅಭ್ಯಾಸಕ್ಕೆ ಸೇರಿ ಎಂಟು ತಿಂಗಳಾದ ಮೇಲೂ ನನ್ನ ಅಂಕ ಒಂದೇ ಕಡೆ ನಿಂತುಬಿಟ್ಟಿತ್ತು. ಆಗ ಒಂದು ಸಂಜೆ ಕೋಚ್ ಬಂದು, ಹೊಡೆತ ಬಿದ್ದ ಜಾಗವನ್ನೂ ಅಂಕವನ್ನೂ ತೋರಿಸುವ ನನ್ನ ಪಕ್ಕದ ಪರದೆಯ ಮೇಲೆ ಒಂದು ಟವೆಲ್ ಹಾಕಿದರು. ನಾನು ಹೊಡೆದೆ. "ನೋಡಬೇಡಿ. ಎಲ್ಲಿ ಹೋಯಿತು, ಹೇಳಿ" ಎಂದರು. "ಗೊತ್ತಿಲ್ಲ ಸರ್" ಎಂದೆ. ಪೆಲೆಟ್ (ಸೀಸದ ಚಿಕ್ಕ ಗುಂಡು) ನಳಿಕೆಯಿಂದ ಹೊರಟ ಕ್ಷಣದಲ್ಲಿ ಸೈಟ್ (ಗುರಿ ಹಿಡಿಯಲು ರೈಫಲ್ ಮೇಲಿರುವ ಸಾಧನ) ಎಲ್ಲಿತ್ತು ಎಂಬುದನ್ನು ನಾನು ಒಮ್ಮೆಯೂ ನಿಜವಾಗಿ ನೋಡಿರಲೇ ಇಲ್ಲ ಎಂಬುದು ಆ ಉತ್ತರ ಕೊಡುವಾಗ ನನಗೆ ಹೊಳೆಯಿತು. ಟ್ರಿಗರ್ ಬಿಟ್ಟ ತಕ್ಷಣ ನನ್ನ ಕಣ್ಣು ಅಂಕದ ಕಡೆಗೆ ಓಡುತ್ತಿತ್ತು, ಕಣ್ಣಿನ ಹಿಂದೆ ತಲೆ, ತಲೆಯ ಹಿಂದೆ ರೈಫಲ್.

ಮುಂದಿನ ಒಂದು ತಿಂಗಳು ನಾನು ಅಂಕ ಬರೆಯಲಿಲ್ಲ. ಪ್ರತಿ ಹೊಡೆತದ ನಂತರ ಕೆನ್ನೆಯನ್ನು ರೈಫಲ್‌ನಿಂದ ಎತ್ತದೆ, ಮನಸ್ಸಿನಲ್ಲಿ ಎರಡು ಎಣಿಸಿ, "ಬಲಕ್ಕೆ, ಸ್ವಲ್ಪ ಕೆಳಗೆ, ಒಂಬತ್ತು" ಎಂದು ಪಿಸುಗುಟ್ಟಿ, ಆಮೇಲೆ ಟವೆಲ್ ಸರಿಸಿ ನೋಡುತ್ತಿದ್ದೆ. ಮೊದಲ ವಾರ ಹತ್ತರಲ್ಲಿ ಮೂರು ಸರಿಯಾಗುತ್ತಿದ್ದವು. ತಿಂಗಳ ಕೊನೆಗೆ ಏಳೆಂಟು. ನನ್ನ ಅಂಕ ಏರತೊಡಗಿದ್ದು ಇದರ ನಂತರವೇ. ಹೇಳಿದ ಜಾಗಕ್ಕೂ ಬಿದ್ದ ಜಾಗಕ್ಕೂ ಹೊಂದಾಣಿಕೆ ಇದ್ದರೆ ತಪ್ಪು ನನ್ನ ಹಿಡಿತದಲ್ಲಿದೆ ಎಂದರ್ಥ. ಹತ್ತು ಎಂದು ಹೇಳಿದ ಹೊಡೆತಗಳೆಲ್ಲ ಎಡ ಅಂಚಿಗೆ ಬೀಳುತ್ತಿದ್ದರೆ ಸೈಟ್ ತಿರುಗಿಸಬೇಕು. ಎಲ್ಲಿ ಹೋಯಿತೆಂದು ಹೇಳಲಾಗದಿದ್ದರೆ ಕಣ್ಣು ಮುಚ್ಚಿಕೊಂಡಿತ್ತು ಇಲ್ಲವೇ ಬೆರಳು ಟ್ರಿಗರನ್ನು ಕಿತ್ತಿತ್ತು. ಈ ಮೂರನ್ನು ಬೇರ್ಪಡಿಸದೆ ಪ್ರತಿ ಕೆಟ್ಟ ಹೊಡೆತಕ್ಕೂ ಸೈಟ್ ತಿರುಗಿಸುತ್ತ ನಾನು ಎಂಟು ತಿಂಗಳು ಕಳೆದಿದ್ದೆ.

ಗುರಿಯ ಅಳತೆಯನ್ನು ಕುಳಿತು ಲೆಕ್ಕ ಹಾಕಿದ್ದೂ ನನಗೆ ದೊಡ್ಡ ಧೈರ್ಯ ಕೊಟ್ಟಿತು. ಗುರಿಯ ಕಾರ್ಡಿನ ನಡುವಿನ ಹತ್ತು ಅಂಕದ ಬಿಂದು ಕೇವಲ 0.5 ಮಿ.ಮೀ.; ಅದನ್ನು ನೋಡಿದರೇ ಕೈ ನಡುಗುತ್ತದೆ. ಆದರೆ ಪೆಲೆಟ್‌ನ ವ್ಯಾಸ 4.5 ಮಿ.ಮೀ. ಇದ್ದು, ಅದರ ಅಂಚು ಆ ಬಿಂದುವನ್ನು ಮುಟ್ಟಿದರೂ ಹತ್ತು ಅಂಕ ಸಿಗುವುದರಿಂದ, ಪೆಲೆಟ್‌ನ ಕೇಂದ್ರಕ್ಕೆ ವಾಸ್ತವವಾಗಿ 5 ಮಿ.ಮೀ. ಅಗಲದ ಜಾಗವಿದೆ. ಅದರೊಳಗೆ ನಟ್ಟನಡುವಿನಿಂದ ಕಾಲು ಕಾಲು ಮಿ.ಮೀ. ದೂರ ಸರಿದಂತೆ ಅಂಕ ಗರಿಷ್ಠ 10.9ರಿಂದ 0.1ರಂತೆ ಕಡಿಮೆಯಾಗುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಭಿನವ್ ಬಿಂದ್ರಾ ಅವರ ಕೊನೆಯ ಹೊಡೆತ 10.8 ಆಗಿತ್ತು. ಅಂದರೆ ಸರಿಸುಮಾರು ಅರ್ಧ ಮಿ.ಮೀ. ಒಳಗೆ, ಅದೂ ಚಿನ್ನದ ಪದಕ ತೂಗುತ್ತಿದ್ದ ಗಳಿಗೆಯಲ್ಲಿ. ಆ ಅಂಕಿಯನ್ನು ಮೊದಲೂ ಕೇಳಿದ್ದೆ, ಅದರ ತೂಕ ತಿಳಿದದ್ದು ಮಾತ್ರ ರೈಫಲ್ ಹಿಡಿದ ಮೇಲೆ.

ನಿಲುವಿನ ವಿಷಯದಲ್ಲಿ ನಾನು ಹೆಚ್ಚು ಹೊತ್ತು ಕೊಡುವುದು ಒಂದೇ ಪರೀಕ್ಷೆಗೆ. ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರಿ, ರೈಫಲ್‌ನ ಭಾರವನ್ನು ತೋಳಿನ ಸ್ನಾಯುವಿಗಲ್ಲ, ಮೂಳೆಗಳಿಗೆ ಇಳಿಸಿ, ಗುರಿ ಹಿಡಿದು, ಕಣ್ಣು ಮುಚ್ಚಿ ಎರಡು ಉಸಿರು ತೆಗೆದುಕೊಳ್ಳುತ್ತೇನೆ. ಕಣ್ಣು ತೆರೆದಾಗ ಸೈಟ್ ಕಪ್ಪು ವೃತ್ತದ ಎಡಕ್ಕೋ ಬಲಕ್ಕೋ ಸರಿದಿದ್ದರೆ ಕೈಯಿಂದ ಎಳೆದು ಸರಿಪಡಿಸುವುದಿಲ್ಲ; ಹಿಂದಿನ ಪಾದವನ್ನು ಕಿರುಬೆರಳಗಲ ಜರುಗಿಸಿ ಮತ್ತೆ ಮೊದಲಿನಿಂದ ನೋಡುತ್ತೇನೆ. ಕೈಯಿಂದ ಎಳೆದು ಹಿಡಿದ ರೈಫಲ್, ಟ್ರಿಗರ್ ಬಿಡುವ ಕ್ಷಣದಲ್ಲಿ ತನ್ನ ಜಾಗಕ್ಕೆ ಮರಳಲು ನೋಡುತ್ತದೆ. ಸ್ಪರ್ಧೆಯ ರೈಫಲ್‌ನಲ್ಲಿ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತದೆ. ಬಂದೂಕಿನ ಗುಂಡಿಗೆ ಹೋಲಿಸಿದರೆ ಇದು ನಿಧಾನ, ನಳಿಕೆಯೊಳಗೂ ಅದು ಹೆಚ್ಚು ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ರೈಫಲ್ ಅಲುಗಿದರೆ ಗುರಿ ತಪ್ಪುತ್ತದೆ. ಹೊಡೆದ ನಂತರವೂ ಅಲುಗದೆ ನಿಲ್ಲಬೇಕೆನ್ನುವುದು ಇದಕ್ಕಾಗಿಯೇ.

ಸೈಟ್ ಎಂದೂ ಕಲ್ಲಿನಂತೆ ನಿಲ್ಲುವುದಿಲ್ಲ. ಅದು ನಿಲ್ಲಲಿ ಎಂದು ಕಾದಷ್ಟೂ ಮೈ ಬಿಗಿಯುತ್ತದೆ, ಬೆರಳು ಅವಸರಪಡುತ್ತದೆ. ಸೈಟಿನ ಮುಂದಿನ ಉಂಗುರ ಚಿಕ್ಕದಿದ್ದಾಗ ಕಪ್ಪು ವೃತ್ತದ ಸುತ್ತ ಬೆಳಕಿನ ಬಳೆ ತೀರ ತೆಳುವಾಗಿ, ಪ್ರತಿ ಅಲುಗಾಟವೂ ದೊಡ್ಡದಾಗಿ ಕಾಣುತ್ತಿತ್ತು. ಸ್ವಲ್ಪ ದೊಡ್ಡ ಉಂಗುರ ಹಾಕಿದ ಮೇಲೆ ನನ್ನ ಹಿಂಜರಿಕೆ ಅರ್ಧ ಇಳಿಯಿತು. ಉಸಿರು ಬಿಟ್ಟು ನಿಲ್ಲಿಸಿದ ಮೇಲೆ ಎಂಟು ಸೆಕೆಂಡಿನೊಳಗೆ ಹೊಡೆತ ಆಗದಿದ್ದರೆ ರೈಫಲ್ ಇಳಿಸುತ್ತೇನೆ. ಸ್ಪರ್ಧೆಯಲ್ಲಿ 60 ಹೊಡೆತಕ್ಕೆ 75 ನಿಮಿಷ ಇರುತ್ತದೆ, ಆದ್ದರಿಂದ ಇಳಿಸಿ ಮತ್ತೆ ಎತ್ತಲು ಸಮಯಕ್ಕೆ ಕೊರತೆಯಿಲ್ಲ. ಆದರೂ ನನ್ನ ಮಟ್ಟಿಗೆ ಈ ಆಟದ ಅತ್ಯಂತ ಕಷ್ಟದ ಕೌಶಲ ಇದೇ.

ಮನೆಯಲ್ಲಿರುವ ನನ್ನ ಹಳೆಯ ರೈಫಲ್ ಸ್ಪ್ರಿಂಗ್‌ನದು, ಅದರ ಸ್ವಭಾವವೇ ಬೇರೆ. ಸ್ಪ್ರಿಂಗ್ ಬಿಟ್ಟುಕೊಂಡಾಗ ರೈಫಲ್ ಮೊದಲು ಹಿಂದಕ್ಕೆ, ತಕ್ಷಣ ಮುಂದಕ್ಕೆ ಒದೆಯುತ್ತದೆ. ಈ ಎರಡು ಒದೆತಕ್ಕೆ ತಾಳದ ಒಂದು ಸ್ಕೋಪ್ (ಗುರಿ ನೋಡುವ ದುರ್ಬೀನು) ಮೂರೇ ವಾರದಲ್ಲಿ ಹಾಳಾಯಿತು. ಅಂಗಡಿಯವರು ಈ ಮಾತನ್ನು ನನಗೆ ಹೇಳಿರಲಿಲ್ಲ. ಈ ರೈಫಲನ್ನು ಗಟ್ಟಿಯಾಗಿ ಹಿಡಿದಷ್ಟೂ ಪೆಲೆಟ್‌ಗಳು ಚದುರುತ್ತವೆ. ಅಂಗೈ ಬಿಡಿಸಿ ಪ್ರತಿ ಸಲವೂ ಅದೇ ಜಾಗದಲ್ಲಿ ಹಗುರವಾಗಿ ಆನಿಸಿಕೊಂಡರೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಐದು ಪೆಲೆಟ್‌ಗಳೂ ಕೂಡುತ್ತವೆ. ಪೆಲೆಟ್ ಹಾಕದೆ ಅದರ ಟ್ರಿಗರ್ ಒತ್ತಬಾರದು, ಒಳಗಿನ ಪಿಸ್ಟನ್ ಸೀಲ್ ಕೆಡುತ್ತದೆ. ಗುರಿಯ ಹಿಂದೆ ಹಳೆಯ ಬಟ್ಟೆ ತುಂಬಿದ ಪೆಟ್ಟಿಗೆ, ಅದರ ಹಿಂದೆ ಕೆಳಮುಖವಾಗಿ ಓರೆಯಾಗಿಟ್ಟ ಕಬ್ಬಿಣದ ತಗಡು ಇಟ್ಟುಕೊಂಡಿದ್ದೇನೆ. ಮುಗಿದ ಮೇಲೆ ಸೀಸ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಏನನ್ನೂ ತಿನ್ನುವುದಿಲ್ಲ.

ಈಗ ನನ್ನ ಅಭ್ಯಾಸ ದಿನಕ್ಕೆ 40 ಪೆಲೆಟ್. ಮೊದಲ ಹತ್ತನ್ನು ಕಾರ್ಡಿನ ಹಿಂಬದಿಗೆ, ವೃತ್ತವೂ ಅಂಕವೂ ಇಲ್ಲದ ಬಿಳಿ ಹಾಳೆಗೆ ಹೊಡೆಯುತ್ತೇನೆ. ಗುರಿಯೇ ಇಲ್ಲದಿರುವಾಗ ಟ್ರಿಗರ್ ಮೇಲಿನ ಬೆರಳಿನ ಚಲನೆ, ಸೈಟ್ ಮೇಲೆದ್ದು ಇಳಿಯುವ ದಾರಿ, ಇವಷ್ಟೇ ಉಳಿಯುತ್ತವೆ, ಮತ್ತು ನನಗೆ ಇಡೀ ದಿನದಲ್ಲಿ ಅತಿ ಹೆಚ್ಚು ಸಂತೋಷ ಕೊಡುವುದೂ ಆ ಹತ್ತೇ. ಉಳಿದ ಮೂವತ್ತಕ್ಕೆ ನೋಟ್‌ಬುಕ್‌ನಲ್ಲಿ ಎರಡು ಕಾಲಂ ಇವೆ: ನಾನು ಹೇಳಿದ ಜಾಗ, ಬಿದ್ದ ಜಾಗ. ಕಳೆದ ಭಾನುವಾರ ಮೂವತ್ತರಲ್ಲಿ ಇಪ್ಪತ್ತಾರು ಸಾಲು ಕೂಡಿಬಂದವು. ಉಳಿದ ನಾಲ್ಕೂ ಕೊನೆಯ ಹತ್ತರಲ್ಲಿ, ಕಾಲು ದಣಿದ ಮೇಲೆ ಬಂದಿದ್ದವು; ಆದ್ದರಿಂದ ಈ ವಾರ ಆ ಮೂವತ್ತರಲ್ಲಿ ಇಪ್ಪತ್ತನೆಯ ಪೆಲೆಟ್ ಆದ ಮೇಲೆ ಐದು ನಿಮಿಷ ಕುಳಿತು ಮುಂದುವರಿಸುತ್ತಿದ್ದೇನೆ.