'ಪೇಪರ್' ಪಾಠಕ್ಕೆ ರದ್ದಿ ಪೇಪರೇ ಸಾಕಾಯಿತು

ಇಂಗ್ಲಿಷ್ ತರಗತಿಯಲ್ಲಿ 'ಪೇಪರ್' ಒಂದೇ ಪದಕ್ಕೆ ಒಂದು ವಾರ ಕೊಡುತ್ತೇನೆ ಅಂದಾಗ ಜೊತೆಯ ಮೇಷ್ಟ್ರುಗಳು ಒಪ್ಪಲಿಲ್ಲ. "ಪೇಪರ್ ಅಂದರೆ ಯಾರಿಗೆ ಗೊತ್ತಿಲ್ಲ ಸಾರ್? ಪೋರ್ಷನ್ ಮುಗಿಸಿ" ಅಂದರು. ಗೊತ್ತಿರೋ ಪದವೇ ಜಾಸ್ತಿ ಕಾಡೋದು. ಬೆಳಿಗ್ಗೆ ಓದೋದು ಪೇಪರ್, ಪರೀಕ್ಷೆಯಲ್ಲಿ ಬರೆಯೋದು ಪೇಪರ್, ಬೋಂಡ ಕಟ್ಟಿಕೊಡೋದೂ ಪೇಪರ್. ಹಾಗಾಗಿ ಹಾಳೆ ಬೇಕಾದಾಗಲೂ ಮಕ್ಕಳು 'ಗಿವ್ ಮಿ ಒನ್ ಪೇಪರ್' ಅಂತಲೇ ಕೇಳುತ್ತಾರೆ. ಆದರೆ ಕಾಗದ ಅನ್ನೋ ಅರ್ಥದಲ್ಲಿ 'ಪೇಪರ್' ಇಂಗ್ಲಿಷಿನಲ್ಲಿ ಒಂದು, ಎರಡು ಅಂತ ಎಣಿಸಲಾಗದ ಪದ, ಹಾಳೆಗೆ 'ಎ ಶೀಟ್ ಆಫ್ ಪೇಪರ್' ಅನ್ನಬೇಕು.

ಮೊದಲು ಎಣಿಸುವ, ಎಣಿಸಲಾಗದ ಪದಗಳ ಪಟ್ಟಿ ಜೆರಾಕ್ಸ್ ಮಾಡಿಸಿ ಹಂಚಿದೆ. ಐನೂರು ಆರುನೂರು ರೂಪಾಯಿ ಹೋಯಿತು. ಪಟ್ಟಿ ಬಾಯಿಪಾಠ ಆಯಿತು, ಮಾತಿಗೆ ಬರಲಿಲ್ಲ. ಆಮೇಲೆ ಬಣ್ಣದ ಚಾರ್ಟ್ ಮಾಡಿಸಿದೆ, ಸಾವಿರದ ಮೇಲಾಯಿತು. ಚಾರ್ಟ್ ತೆಗೆದ ಕೂಡಲೇ ಮತ್ತೆ 'ಒನ್ ಪೇಪರ್'.

ಕೊನೆಗೆ ಎರಡು ಕೆಜಿ ರದ್ದಿ ತಂದೆ. ಮೂವತ್ತು ರೂಪಾಯಿ ಆಸುಪಾಸು. ಒಂದು ಪತ್ರಿಕೆ ಎತ್ತಿ ಹಿಡಿದರೆ 'ಎ ಪೇಪರ್', ಎರಡಾದರೆ 'ಟೂ ಪೇಪರ್ಸ್'. ಮಕ್ಕಳ ಎದುರೇ ಅದನ್ನು ಪರ್ರನೆ ಹರಿದೆ. ಈಗ ಕೈಯಲ್ಲಿರೋದು ಪತ್ರಿಕೆಯಲ್ಲ, ಬರೀ ಕಾಗದ. 'ಎ ಪೀಸ್ ಆಫ್ ಪೇಪರ್'. ಪಕ್ಕದಲ್ಲಿ ಎ4 ಕಟ್ಟು ಇಟ್ಟೆ. ಅದರಲ್ಲಿರೋದು 500 'ಶೀಟ್ಸ್ ಆಫ್ ಪೇಪರ್'. 500 'ಪೇಪರ್ಸ್' ಅಂದರೆ ತಿದ್ದಬೇಕಾದ ಉತ್ತರಪತ್ರಿಕೆಗಳ ರಾಶಿ ಅಂತಲೋ, ಅಷ್ಟು ದಿನಪತ್ರಿಕೆ ಅಂತಲೋ ಆಗುತ್ತದೆ. ಬೈಕಿನ ದಾಖಲೆಗಳನ್ನೂ ತೋರಿಸಿ, ಇವೂ 'ಪೇಪರ್ಸ್' ಅಂದೆ. ಒಬ್ಬಳು "ಆರ್‌ಸಿ ಪ್ಲಾಸ್ಟಿಕ್ ಕಾರ್ಡ್ ಅಲ್ವಾ ಸಾರ್, ಅದೂ ಪೇಪರ್ಸಾ?" ಅಂದಳು. ಹೌದು, ದಾಖಲೆ ಅನ್ನೋ ಅರ್ಥ ಬಂದಮೇಲೆ ಅದು ಕಾಗದದ್ದೇ ಆಗಬೇಕಿಲ್ಲ. ಇಷ್ಟು ಒಳ್ಳೆ ಪ್ರಶ್ನೆ ಚಾರ್ಟ್ ಇದ್ದಾಗ ಒಂದೂ ಬಂದಿರಲಿಲ್ಲ.

ಅದೇ ಹುರುಪಿನಲ್ಲಿ 'ಗ್ಲಾಸ್' ಹಿಡಿದೆ. ಕಿಟಕಿ ಗಾಜಿನ ಚೂರು, ನೀರಿನ ಲೋಟ, ನನ್ನ ಕನ್ನಡಕ: 'ಗ್ಲಾಸ್', 'ಎ ಗ್ಲಾಸ್', 'ಗ್ಲಾಸಸ್'. ಸಲೀಸಾಗಿ ಹತ್ತಿತು. 'ಐರನ್' ಕೂಡ ಹಾಗೇ, ಮೊಳೆ ಒಂದು ಕಡೆ, ಇಸ್ತ್ರಿ ಪೆಟ್ಟಿಗೆ ಇನ್ನೊಂದು ಕಡೆ. 'ಫರ್ನಿಚರ್' ಮಾತ್ರ ಜಗ್ಗಲಿಲ್ಲ. ಅದಕ್ಕೆ 'ಎ' ಹತ್ತುವುದೇ ಇಲ್ಲ, ಕುರ್ಚಿಯಾದರೂ ಮೇಜಾದರೂ 'ಎ ಪೀಸ್ ಆಫ್ ಫರ್ನಿಚರ್'. ಎದುರುಬದುರು ಇಡೋಕೆ ಎರಡನೇ ಅರ್ಥವೇ ಸಿಗಲಿಲ್ಲ.

ಎರಡು ಮೂರು ತಿಂಗಳಾದ ಮೇಲೆ ಮುನ್ಸೂಚನೆ ಕೊಡದೆ ನೋಡಿದೆ. ಮೂವತ್ತರ ಹತ್ತಿರ ಮಕ್ಕಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ತಾವಾಗೇ 'ಎ ಶೀಟ್ ಆಫ್ ಪೇಪರ್' ಅಂತ ಕೇಳಿದರು. ನಮ್ಮ ಕಡೆ ಈ ಫಲ ಬೇರೆ ಯಾರ ಬ್ಯಾಚಿನಲ್ಲೂ ನಾನು ಕಂಡಿಲ್ಲ. ಹರಿಯುವ ಮುಂಚೆ ಮಕ್ಕಳಿಗೆ ಒಂದು ಪ್ರಶ್ನೆ ಹಾಕುತ್ತೇನೆ, ಅರ್ಧ ಕೆಲಸ ಅದರದ್ದೇ. ಅದೇನಂತ ಸದ್ಯಕ್ಕೆ ಹೇಳುವುದಿಲ್ಲ, ಇನ್ನೊಂದು ಬ್ಯಾಚಿನ ಮೇಲೆ ನೋಡಬೇಕು. ಈಗ 'ವರ್ಕ್' ಶುರು ಮಾಡಿದ್ದೇನೆ. ಅದನ್ನು ಕೈಯಲ್ಲಿ ಹಿಡಿದು ತೋರಿಸೋಕಾಗಲ್ಲ, ಹಾಗಾಗಿ ಚಿತ್ರ ಬಿಡಿಸುವವರೊಬ್ಬರನ್ನು ತರಗತಿಗೆ ಕರೆದಿದ್ದೇನೆ. ಅವರು ಬಿಡಿಸುತ್ತಿರುವಾಗ 'ವರ್ಕ್', ಮುಗಿದ ಚಿತ್ರ 'ಎ ವರ್ಕ್ ಆಫ್ ಆರ್ಟ್'.