ಪಿಟ್ಸ್‌ಬರ್ಗ್‌ನ ಸಂಗಮದ ಉದ್ಯಾನ: ಮೂರನೆಯ ಸಲ ಕೈಹಿಡಿದ ಕ್ರಮ

ಊರಿನಿಂದ ಬಂದ ಹಿರಿಯರನ್ನು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎರಡು ನದಿಗಳು ಕೂಡುವಲ್ಲಿರುವ ಪಾಯಿಂಟ್ ಸ್ಟೇಟ್ ಪಾರ್ಕಿಗೆ ಕರೆದೊಯ್ಯುವ ನಮ್ಮವರು ಸಾಮಾನ್ಯವಾಗಿ ಕಾರಂಜಿಯ ಮುಂದೆ ಫೋಟೋ ತೆಗೆಸಿ, ಅರ್ಧ ಗಂಟೆಯೊಳಗೆ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದ ದಾರಿ ಹಿಡಿಯುತ್ತಾರೆ. ಆ 36 ಎಕರೆಯಲ್ಲಿ, ಮಂಡಿನೋವಿರುವ ಅಮ್ಮನೊಂದಿಗೆ ಅರ್ಧ ದಿನ ಕಳೆಯಬಹುದೆಂದು ನಾನು ಹೇಳಿದಾಗ ಗೆಳೆಯರು ಯಾರೂ ಒಪ್ಪಲಿಲ್ಲ. ಕಳೆದ ಜುಲೈನಲ್ಲಿ ಅದು ಸಾಧ್ಯವಾಯಿತು.

ಅದಕ್ಕೆ ಮುನ್ನ ಎರಡು ಬಾರಿ ಸೋತಿದ್ದೆ. ಮಾರ್ಚಿನಲ್ಲಿ ಹೋದಾಗ ಚಳಿಗಾಲಕ್ಕೆ ನಿಲ್ಲಿಸಿದ್ದ ಕಾರಂಜಿಯನ್ನು ಇನ್ನೂ ಹಚ್ಚಿರಲಿಲ್ಲ; ಪಾರ್ಕಿಂಗಿಗೆ ಇಪ್ಪತ್ತು ಡಾಲರ್ ತೆತ್ತು, ಹೊಳೆಯ ಗಾಳಿಗೆ ನಡುಗಿ ಹಿಂತಿರುಗಿದೆವು. "ಊರು ಹುಟ್ಟಿದ ಜಾಗ ಅಂದೆಯಲ್ಲ, ಅದು ಎಲ್ಲಿದೆ?" ಎಂದು ಅಪ್ಪ ಕೇಳಿದ್ದಕ್ಕೆ ನಾನು ತೋರಿಸಲು ಸಾಧ್ಯವಾದದ್ದು ಬರಿಯ ಹುಲ್ಲುಹಾಸು. ಮೇ ತಿಂಗಳಲ್ಲಿ ಮೊದಲು ಉದ್ಯಾನದೊಳಗಿನ ಫೋರ್ಟ್ ಪಿಟ್ ಮ್ಯೂಸಿಯಂ ಹೊಕ್ಕೆವು. ಮೂವರ ಟಿಕೆಟ್ಟಿಗೆ ಸುಮಾರು ಮೂವತ್ತು ಡಾಲರ್ ಆಗಿರಬೇಕು. ಎರಡು ಗಂಟೆ ನಿಂತು ನೋಡುವಷ್ಟರಲ್ಲಿ ಅಮ್ಮನ ಕಾಲು ಸೋತು, ನದಿಗಳು ಕೂಡುವ ತುದಿಯನ್ನು ಮುಟ್ಟಲೇ ಇಲ್ಲ.

ಮೂರನೆಯ ಸಲ ಕ್ರಮವನ್ನೇ ತಿರುಗಿಸಿದೆ. ಕಾರನ್ನು ಮೌಂಟ್ ವಾಷಿಂಗ್ಟನ್ ಗುಡ್ಡದ ಮೇಲೆಯೇ ಬಿಟ್ಟು, ಗ್ರ್ಯಾಂಡ್‌ವ್ಯೂ ಅವೆನ್ಯೂದಿಂದ ಸಂಗಮವನ್ನು ಸಾವಕಾಶವಾಗಿ ತೋರಿಸಿದೆ. ಎಡದಿಂದ ಬರುವ ಅಲೆಘೆನಿ, ಬಲದಿಂದ ಬರುವ ಮೊನಾಂಗಹೀಲಾ ಎಂದು ಕಲಿತ ಮಾತನ್ನು ಒಪ್ಪಿಸದೆ, ನೀರು ಯಾವ ಕಡೆಗೆ ಹರಿಯುತ್ತಿದೆಯೆಂದು ಅವರೇ ಕಂಡುಕೊಳ್ಳುವವರೆಗೂ ಕಾದೆ. ಶಿವಮೊಗ್ಗ ಕಡೆಯವರಾದ ಅಮ್ಮ ಬಹಳ ಹೊತ್ತು ನೋಡಿ, "ಕೂಡಲಿಯಲ್ಲಿ ತುಂಗೆ, ಭದ್ರೆ ಇಬ್ಬರ ಹೆಸರೂ ಉಳಿಯಿತು. ಇಲ್ಲಿ ಎರಡೂ ಹೋಗಿ ಓಹಾಯೋ ನದಿ ಆಯಿತಲ್ಲ" ಎಂದರು. ನನ್ನ ಅರ್ಧ ಕೆಲಸ ಅಲ್ಲಿಗೇ ಮುಗಿದಿತ್ತು. ಎರಡು ನೀರಿನ ಬಣ್ಣ ಬೇರೆಬೇರೆಯಾಗಿ ಕಾಣುವ ಜಾಗವೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ಕರೆದೊಯ್ದು ತೋರಿಸುತ್ತೇನೆ. ಮಳೆಯ ಮರುದಿನ ಎರಡೂ ಹೊಳೆಗಳ ನೀರನ್ನು ಬಾಟಲಿಗಳಲ್ಲಿ ತಂದು ಕಿಟಕಿಯಲ್ಲಿಟ್ಟು ನೋಡಿದ್ದೇನೆ: ಮೊನಾಂಗಹೀಲಾದ ನೀರು ತಿಳಿಯಾಗಲು ಎರಡು ದಿನ ಹಿಡಿಯಿತು.

ಗುಡ್ಡದಿಂದ ಹಳಿಯ ಮೇಲೆ ಕೇಬಲ್ಲಿನಿಂದ ಏರಿಳಿಯುವ ಗಾಡಿಯಾದ 1870ರ ಮೊನಾಂಗಹೀಲಾ ಇನ್‌ಕ್ಲೈನ್‌ನಲ್ಲಿ ಇಳಿದು, ಸ್ಟೇಷನ್ ಸ್ಕ್ವೇರ್‌ನಲ್ಲಿ ಟ್ರಾಮ್ ಹತ್ತಿ, ಗೇಟ್‌ವೇ ನಿಲ್ದಾಣದಲ್ಲಿ ಇಳಿದರೆ ಉದ್ಯಾನಕ್ಕೆ ಸ್ವಲ್ಪವೇ ನಡಿಗೆ. ಒಬ್ಬೊಬ್ಬರಿಗೆ ಸುಮಾರು ಮೂರು ಡಾಲರ್ ಖರ್ಚಾಯಿತು, ಪಾರ್ಕಿಂಗಿನ ದುಡ್ಡು ಉಳಿಯಿತು.

ಒಳಗೆ ಇಸವಿಗಳ ಬೆನ್ನು ಹಿಡಿದು ನಡೆದೆವು. 1753ರಲ್ಲಿ 21 ವರ್ಷದ ಜಾರ್ಜ್ ವಾಷಿಂಗ್ಟನ್ ಕೋಟೆಗೆ ತಕ್ಕುದೆಂದು ಗುರುತಿಸಿದ ಈ ನೆಲದಲ್ಲಿ ಮರುವರ್ಷವೇ ಫ್ರೆಂಚರು ಫೋರ್ಟ್ ಡ್ಯೂಕೇನ್ ಕಟ್ಟಿದರು. 1758ರ ನವೆಂಬರಿನಲ್ಲಿ ಬ್ರಿಟಿಷ್ ಜನರಲ್ ಫೋರ್ಬ್ಸ್‌ನ ಸೈನ್ಯ ಸಮೀಪಿಸಿದಾಗ ತಾವೇ ಅದಕ್ಕೆ ಬೆಂಕಿಯಿಟ್ಟು ಹೋದರು. ಬ್ರಿಟಿಷ್ ಮಂತ್ರಿ ವಿಲಿಯಂ ಪಿಟ್‌ನ ಹೆಸರನ್ನು ಊರಿಗೆ ಇಟ್ಟವನು ಫೋರ್ಬ್ಸ್. ಸುಟ್ಟ ಕೋಟೆಯ ರೇಖೆಯನ್ನು ಹುಲ್ಲಿನಲ್ಲಿ ಕಲ್ಲು ಹಾಸಿ ಗುರುತಿಸಿದ್ದಾರೆ. ಮಾರ್ಚಿನಲ್ಲಿ ಅಪ್ಪ ಅದನ್ನೇ ತುಳಿದು ದಾಟಿದ್ದರು, ಈ ಸಲ ಆ ಗೆರೆಯ ಮೇಲೆಯೇ ಕೋಟೆಯನ್ನು ಸುತ್ತಿ ಬಂದು, "ಇಷ್ಟು ಚಿಕ್ಕದೇ?" ಎಂದರು.

ಆಮೇಲೆ ಬ್ರಿಟಿಷರು ಕಟ್ಟಿದ ಫೋರ್ಟ್ ಪಿಟ್ ಕೋಟೆಯ ಕಾವಲುಮನೆಯಾದ ಬ್ಲಾಕ್ ಹೌಸ್‌ಗೆ ಪ್ರವೇಶ ಉಚಿತ. 1764ರಲ್ಲಿ ಕರ್ನಲ್ ಬುಕೆ ಕಟ್ಟಿಸಿದ ಆ ಪುಟ್ಟ ಇಟ್ಟಿಗೆಯ ಮನೆಯ ಗೋಡೆಯಲ್ಲಿ ಅಡ್ಡಲಾಗಿ ಕೂಡಿಸಿದ ಮರದ ತೊಲೆಗಳಿವೆ. ಬಂದೂಕಿನ ನಳಿಗೆ ತೂರಿಸಲು ಅವುಗಳಲ್ಲಿ ಕಂಡಿಗಳನ್ನು ಕೊರೆದಿದ್ದಾರೆ. ಅಪ್ಪ ಒಂದೊಂದು ಕಂಡಿಯಲ್ಲೂ ಬಗ್ಗಿ ನೋಡಿದರು. ಮ್ಯೂಸಿಯಂ ಅನ್ನು ಈ ಸಲ ಪೂರ್ತಿಯಾಗಿ ಬಿಟ್ಟೆ, ಅದೇ ಸರಿಯಾದದ್ದು.

ಕಾರಂಜಿಯನ್ನು ಕೊನೆಗಿಟ್ಟಿದ್ದೆ. 150 ಅಡಿ ಚಿಮ್ಮುವ ಆ ನೀರು ಕಣ್ಣಿಗೆ ಕಾಣುವ ಯಾವ ಹೊಳೆಯದೂ ಅಲ್ಲ, ಹಿಮಯುಗದಲ್ಲಿ ಶೇಖರವಾದ ಮರಳು ಜಲ್ಲಿಯ ನಡುವೆ ನೆಲದಡಿಯಲ್ಲಿರುವ ನೀರು ಎಂದೆ. "ಹಾಗಾದರೆ ಇದು ಗುಪ್ತಗಾಮಿನಿ" ಎಂದು ಅಮ್ಮ ಮೆಟ್ಟಿಲ ಮೇಲೆ ಕುಳಿತರು. ಹೊರಟಾಗ ನಾಲ್ಕೂವರೆ ಗಂಟೆ ಕಳೆದಿತ್ತು.