ಬಟನ್ ಚೆನ್ನಾಗಿತ್ತು, ಟೈರ್ ಹೋಯಿತು

ನಾವಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಜೂನ್ ಬಂತೆಂದರೆ ಇಲ್ಲಿ ಕಾರಿನ ಬಾಗಿಲು ಮುಟ್ಟಿದರೂ ಕೈ ಚುರ್ ಅನ್ನುತ್ತದೆ. ರಜೆ ಸಿಕ್ಕಾಗ ತಂಪಿನ ಕಡೆ ಓಡೋಣ ಅಂತ ಒಂದು ಸೆಕೆಂಡ್ ಹ್ಯಾಂಡ್ ಟ್ರೈಲರ್ ತೆಗೆದುಕೊಂಡೆವು. ಪಿಕಪ್ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ. ಎರಡು ಆಕ್ಸಲ್, ನಾಲ್ಕು ಚಕ್ರ. ಕೊಳ್ಳುವಾಗ ಟೈರನ್ನು ಬಗ್ಗಿ ನೋಡಿದ್ದೆ. ಬಟನ್, ಅಂದರೆ ರಸ್ತೆ ಹಿಡಿಯುವ ಮೇಲಿನ ಉಬ್ಬು ಗೀರುಗಳು, ಹೊಸದರ ಹಾಗೇ ಇತ್ತು. ಖುಷಿಯಾಗಿತ್ತು.

2023ರ ಬೇಸಿಗೆ. ಐ-17 ಹೆದ್ದಾರಿಯಲ್ಲಿ ಫ್ಲ್ಯಾಗ್‌ಸ್ಟಾಫ್ ಕಡೆ ಹೊರಟಿದ್ದೆವು. ಬ್ಲ್ಯಾಕ್ ಕ್ಯಾನಿಯನ್ ಸಿಟಿ ದಾಟಿ ಘಾಟಿ ಏರುವಾಗ ಪಕ್ಕದ ಕಾರಿನವರು ಹಾರ್ನ್ ಹೊಡೆದು ಹಿಂದಕ್ಕೆ ಕೈ ತೋರಿಸಿದರು. ಟೈರ್ ಒಡೆದದ್ದು ನನಗೆ ಗೊತ್ತೇ ಆಗಿರಲಿಲ್ಲ! ಪಕ್ಕದ ಟೈರ್ ಭಾರ ಹೊತ್ತು ಓಡುತ್ತಿತ್ತು. ಇಳಿದು ನೋಡಿದರೆ, ಮೇಲಿನ ಪದರ ಸುಲಿದು ಚಾಟಿಯ ಹಾಗೆ ಬಡಿದು, ಚಕ್ರದ ಮೇಲಿನ ತಗಡು, ನೆಲದಡಿಯ ವೈರು ಎಲ್ಲ ಕಿತ್ತು ಹಾಕಿತ್ತು. ಟೈರಿಗಿಂತ ಆ ರಿಪೇರಿಗೇ ಜಾಸ್ತಿ ಹೋಯಿತು.

ಸ್ಟೆಪ್ನಿ ಹಾಕುವಾಗ ಮೊದಲ ಸಲ ಟೈರಿನ ಪಕ್ಕೆಯಲ್ಲಿ ಅಚ್ಚಾದ ಡಾಟ್ ನಂಬರ್ ಓದಿದೆ. ಕೊನೆಯ ನಾಲ್ಕು ಅಂಕಿ 2216. ಅಂದರೆ 2016ರ 22ನೇ ವಾರ ತಯಾರಾದದ್ದು. ಏಳು ವರ್ಷ! ಟ್ರೈಲರ್ ವರ್ಷಕ್ಕೆ ನಾಲ್ಕಾರು ಸಲ ಓಡುತ್ತದೆ, ಉಳಿದ ದಿನ ಬಿಸಿಲಲ್ಲಿ ನಿಂತಿರುತ್ತದೆ. ಬಟನ್ ಸವೆಯುವುದಿಲ್ಲ, ರಬ್ಬರಿಗೆ ಮಾತ್ರ ಮುಪ್ಪು ಬರುತ್ತದೆ. ಸ್ಟೆಪ್ನಿಯೂ ಅದೇ ವಯಸ್ಸಿನದು. ಮನೆ ಸೇರುವ ತನಕ ಜೀವ ಕೈಯಲ್ಲಿತ್ತು.

ತಪ್ಪು ನನ್ನದೂ ಇತ್ತು ಅನ್ನಿ. ಪಿಕಪ್‌ಗೆ ಹೊಡೆಸಿದ ಹಾಗೆ ಇದಕ್ಕೂ 40 ಪಿಎಸ್‌ಐ ಗಾಳಿ ಹೊಡೆಸುತ್ತಿದ್ದೆ. ಟೈರ್ ಮೇಲೆ 50 ಅಂತ ಬರೆದಿತ್ತು. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಸುತ್ತು ಸುತ್ತಿಗೂ ಜಾಸ್ತಿ ಮಡಚಿಕೊಂಡು ಕಾಯುತ್ತದೆ. ಆ ಕಾವೇ ಟೈರನ್ನು ಕೊಲ್ಲುವುದು.

ಹೊಸದು ಕೊಳ್ಳುವ ಮುಂಚೆ ನೀರಿನ ಟ್ಯಾಂಕ್ ತುಂಬಿಸಿ, ಅಕ್ಕಿ ಚೀಲ, ಕುಕ್ಕರ್ ಸಮೇತ ಟ್ರಕ್ ಸ್ಟಾಪ್‌ನ ವೇಬ್ರಿಡ್ಜ್ ಮೇಲೆ ನಿಲ್ಲಿಸಿದೆ. ಎರಡು ಆಕ್ಸಲ್ ಮೇಲೆ 6,300 ಪೌಂಡ್. ಹಳೆಯ ಟೈರ್ 205/75 ಆರ್15, ಲೋಡ್ ರೇಂಜ್ ಸಿ, ಅಂದರೆ ಎಷ್ಟು ಭಾರ ಹೊರಬಲ್ಲದು ಎಂಬ ದರ್ಜೆ. ಒಂದಕ್ಕೆ 1,820 ಪೌಂಡ್, ನಾಲ್ಕಕ್ಕೆ 7,280. ಲೆಕ್ಕದಲ್ಲಿ ಸಾಕು, ಆದರೆ 50 ಪಿಎಸ್‌ಐ ಇದ್ದರೆ ಮಾತ್ರ. ಮೇಲಾಗಿ ಅಡುಗೆಮನೆ, ಫ್ರಿಜ್ ಎಲ್ಲ ಒಂದೇ ಕಡೆ. ಭಾರ ಸಮಪಾಲಾಗಿ ಹಂಚಿಕೊಳ್ಳುವುದಿಲ್ಲ, ಅಲ್ವಾ? ಅದಕ್ಕೇ ಅದೇ ಸೈಜಿನ ಲೋಡ್ ರೇಂಜ್ ಡಿ ಹಾಕಿಸಿದೆ. 65 ಪಿಎಸ್‌ಐಗೆ 2,150 ಪೌಂಡ್ ಹೊರುತ್ತದೆ. ರಿಮ್ ಅಷ್ಟು ಗಾಳಿ ತಡೆಯುತ್ತದೆಯೇ ಅಂತ ಮೊದಲು ನೋಡಿಕೊಂಡೆ, ಅದಿಲ್ಲದೆ ಸುಮ್ನೆ ಡಿ ಹಾಕಿಸುವ ಹಾಗಿಲ್ಲ. ವಾಲ್ವ್ ಕೂಡ ಲೋಹದ್ದು ಮಾಡಿಸಿದೆ. ಅಂಗಡಿಯಲ್ಲಿ ಕಾರಿನ ಟೈರ್ ಅಗ್ಗಕ್ಕೆ ಕೊಡಲು ಬಂದರು, ಬೇಡ ಅಂದೆ. ಎಸ್‌ಟಿ ಅಂತ ಅಚ್ಚಾದ ಟ್ರೈಲರ್ ಟೈರೇ ಬೇಕು, ಅದರ ಪಕ್ಕೆ ಗಟ್ಟಿ. ಹೊಸ ಟೈರಿನ ತಾರೀಖನ್ನೂ ಓದಿದ ಮೇಲೇ ದುಡ್ಡು ಕೊಟ್ಟೆ.

ಈಗ ಗಾಳಿ ನೋಡುವುದು ಬೆಳಗ್ಗೆ, ಬಿಸಿಲು ಬೀಳುವ ಮುಂಚೆ. ಓಡಿ ಬಿಸಿಯಾದಾಗ ಪ್ರೆಶರ್ ಏರಿದರೆ ಗಾಳಿ ಬಿಡುವುದಿಲ್ಲ. ಚಕ್ರ ಬಿಚ್ಚಿ ಹಾಕಿದರೆ 50 ಮೈಲಿ ಓಡಿಸಿ ನಟ್ಟುಗಳನ್ನು ಟಾರ್ಕ್ ಪಾನೆಯಿಂದ (ಎಷ್ಟು ಬಿಗಿ ಅಂತ ಅಳೆದು ಬಿಗಿಸುವ ಪಾನೆ) ಮತ್ತೆ ಬಿಗಿ ಮಾಡುತ್ತೇನೆ. ಮನೆಯಲ್ಲಿ ನಿಂತಾಗ ಟೈರಿಗೆ ಬಿಳಿ ಕವರ್. ವೇಗ 60 ಮೈಲಿ ದಾಟಿಸುವುದಿಲ್ಲ. ಮಕ್ಕಳು ಬೈದುಕೊಳ್ಳುತ್ತಾರೆ.

ದಾವಣಗೆರೆಯಲ್ಲಿ ಮಾವನ ಲಾರಿಯ ಕ್ಲೀನರ್, ನಿಂತಲ್ಲೆಲ್ಲ ರಾಡ್ ಹಿಡಿದು ಟೈರ್ ಬಡಿಯುತ್ತಿದ್ದ. ಸದ್ದಿನಲ್ಲೇ ಅವನಿಗೆ ಗಾಳಿ ಗೊತ್ತಾಗುತ್ತಿತ್ತು. ನನಗೆ ಆ ಕಿವಿ ಇಲ್ಲ. ಸೆನ್ಸರ್ ಹಾಕಿಸಿದ್ದೇನೆ. ಆದರೂ ಪೆಟ್ರೋಲಿಗೆ ನಿಲ್ಲಿಸಿದಾಗ ನಾಲ್ಕೂ ಟೈರಿನ ಹತ್ತಿರ ಅಂಗೈ ಹಿಡಿಯುತ್ತೇನೆ. ಕಳೆದ ಸಲ ಒಂದು ಮಾತ್ರ ಜಾಸ್ತಿ ಬಿಸಿ ಇತ್ತು. ಟೈರಿಗೇನೂ ಆಗಿರಲಿಲ್ಲ, ಬ್ರೇಕ್ ಹಿಡಿದುಕೊಂಡಿತ್ತು.